ಆಕಾಶ ಸಮೀಕ್ಷೆಯ ಕಣಜದಿಂದ ಗ್ಯಾಲಕ್ಸಿಗಳನ್ನು ಹೆಕ್ಕುವುದು: ಪ್ರಶ್ನೆಯಿಂದ ಫಲಿತಾಂಶದವರೆಗೆ

ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಕ್ಯಾಟಲಾಗಿನಲ್ಲಿ ಸುಮಾರು 20 ಕೋಟಿ ಗ್ಯಾಲಕ್ಸಿಗಳಿವೆ. ಪ್ರತಿಯೊಂದರ ಜಾಗ, ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು), ಬಣ್ಣ, ಗಾತ್ರ ಎಲ್ಲವನ್ನೂ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಸ್ವಲ್ಪ ಪೈಥಾನ್, ಸ್ವಲ್ಪ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಇದ್ದರೆ ಕೆಲಸ ಶುರು ಮಾಡಬಹುದು. ಡೇಟಾ ಮೈನಿಂಗ್ ಎಂದ ತಕ್ಷಣ ಎಲ್ಲರ ಗಮನ ಅಲ್ಗಾರಿದಮ್‌ಗಳ ಕಡೆ ಓಡುತ್ತದೆ. ಆದರೆ ಈ ಕ್ಷೇತ್ರದಲ್ಲಿ ಫಲಿತಾಂಶ ಕೆಡುವುದು ಹೆಚ್ಚಾಗಿ ಅದಕ್ಕೂ ಮುಂಚೆಯೇ, ಸಾಲುಗಳನ್ನು ಆರಿಸುವ ಹಂತದಲ್ಲಿ. ಕಂಡ ವಿನ್ಯಾಸ ಆಕಾಶದ್ದೋ ಸಮೀಕ್ಷೆ ನಡೆಸಿದ ರೀತಿಯದ್ದೋ ಎಂಬ ಅನುಮಾನವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು. ಈ ಬರಹದ ಹೆಚ್ಚಿನ ಭಾಗ ಆ ಅನುಮಾನವನ್ನು ಪರೀಕ್ಷಿಸುವ ಬಗೆಯ ಕುರಿತದ್ದು.

ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಗ್ಯಾಲಕ್ಸಿಗಳನ್ನು ಅಧ್ಯಯನ ಮಾಡಬೇಕು" ಎಂಬುದು ಪ್ರಶ್ನೆಯಲ್ಲ. "ಒಂದೇ ಹೊಳಪಿನ ಗ್ಯಾಲಕ್ಸಿಗಳಲ್ಲಿ, ದಟ್ಟ ನೆರೆಹೊರೆಯಲ್ಲಿರುವವು ಒಂಟಿಯಾಗಿರುವವುಗಳಿಗಿಂತ ಕೆಂಪಾಗಿವೆಯೇ?" ಎಂಬುದು ಪ್ರಶ್ನೆ. ಹೀಗೆ ಬರೆದ ಕೂಡಲೇ ಏನೇನು ಬೇಕೆಂದು ತಾನಾಗಿ ತಿಳಿಯುತ್ತದೆ: ಹೊಳಪು ಬೇಕು, ಅದಕ್ಕೆ ದೂರ ಬೇಕು, ದೂರಕ್ಕೆ ರೋಹಿತದಿಂದ (ತರಂಗಾಂತರಗಳಾಗಿ ಬಿಡಿಸಿದ ಬೆಳಕಿನಿಂದ) ಅಳೆದ ರೆಡ್‌ಶಿಫ್ಟ್, ಅಂದರೆ ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ, ಬೇಕು. ನೆರೆಹೊರೆ ಅಳೆಯಲು ಅಕ್ಕಪಕ್ಕದ ಗ್ಯಾಲಕ್ಸಿಗಳು ಪಟ್ಟಿಯಿಂದ ಬಿಟ್ಟುಹೋಗಿರಬಾರದು. ಈ ಕೊನೆಯ ಷರತ್ತು ಎಷ್ಟು ಕಷ್ಟದ್ದು ಎಂಬುದು ಮುಂದೆ ಬರುತ್ತದೆ.

ಮೊದಲ ಸಲ ಮಾಡುವವರಿಗೆ ಸ್ಲೋನ್ ಸಮೀಕ್ಷೆಯೇ ಸರಿ. ಅದರ ದಾಖಲೆಗಳು ಚೆನ್ನಾಗಿವೆ, ಅದರ ತಪ್ಪುಗಳನ್ನು ಎರಡು ದಶಕಗಳಿಂದ ಜನ ಹುಡುಕಿ ಬರೆದಿಟ್ಟಿದ್ದಾರೆ. ಹೆಚ್ಚು ಮಸುಕಾದ ಗ್ಯಾಲಕ್ಸಿಗಳ ಚಿತ್ರಗಳು ಬೇಕಾದರೆ, ಸುಮಾರು 14,000 ಚದರ ಡಿಗ್ರಿ ಆಕಾಶವನ್ನು ಸೆರೆಹಿಡಿದ ಡೆಸಿ ಲೆಗಸಿ ಇಮೇಜಿಂಗ್ ಸರ್ವೆಗೆ ಆಮೇಲೆ ಹೋಗಬಹುದು.

ಸಮೀಕ್ಷೆ ನಡೆದ ಬಗೆಯನ್ನು ತಿಳಿದುಕೊಳ್ಳಿ

ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್ ವೀಕ್ಷಣಾಲಯದ 2.5 ಮೀಟರ್ ದೂರದರ್ಶಕದಿಂದ 2000ದಲ್ಲಿ ಸಮೀಕ್ಷೆ ಶುರುವಾಯಿತು. ಚಿತ್ರ ತೆಗೆಯುವ ಕೆಲಸ 2009ರಲ್ಲಿ ಮುಗಿಯಿತು. ಯು, ಜಿ, ಆರ್, ಐ, ಝಡ್ ಎಂಬ ಐದು ಫಿಲ್ಟರ್‌ಗಳು. ಆಕಾಶ ಕ್ಯಾಮೆರಾದ ಮೇಲೆ ಹರಿದುಹೋಗುವಾಗ ಪ್ರತಿ ಫಿಲ್ಟರ್‌ಗೂ ಸಿಗುತ್ತಿದ್ದುದು ಸುಮಾರು 54 ಸೆಕೆಂಡ್. ಒಂದು ಪಿಕ್ಸೆಲ್ ಅಂದರೆ 0.396 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್).

ಚಿತ್ರದಲ್ಲಿ ಕಂಡ ಎಲ್ಲಕ್ಕೂ ರೋಹಿತ ತೆಗೆಯಲಿಲ್ಲ. ಮುಖ್ಯ ಗ್ಯಾಲಕ್ಸಿ ಮಾದರಿಗೆ ಇಟ್ಟ ಗೆರೆ, ಆರ್ ಫಿಲ್ಟರ್‌ನಲ್ಲಿ ಪೆಟ್ರೋಸಿಯನ್ ಕಾಂತಿಮಾನ (ಗ್ಯಾಲಕ್ಸಿಯ ಒಟ್ಟು ಬೆಳಕನ್ನು ಅಳೆಯುವ ಒಂದು ಬಗೆ) 17.77. ಅದಕ್ಕಿಂತ ಮಸುಕಾದವು ಈ ಮಾದರಿಯಲ್ಲಿಲ್ಲ. ಆಯ್ದ ಗ್ಯಾಲಕ್ಸಿಗಳಿಗೆ ಅಲ್ಯೂಮಿನಿಯಂ ತಟ್ಟೆಯಲ್ಲಿ ರಂಧ್ರ ಕೊರೆದು, ಪ್ರತಿ ರಂಧ್ರಕ್ಕೂ 3 ಆರ್ಕ್‌ಸೆಕೆಂಡ್ ಅಗಲದ ಫೈಬರ್ ಸಿಕ್ಕಿಸುತ್ತಿದ್ದರು. ತಟ್ಟೆಗೆ 640 ಫೈಬರ್. ಎರಡು ಫೈಬರ್‌ಗಳು 55 ಆರ್ಕ್‌ಸೆಕೆಂಡ್‌ಗಿಂತ ಹತ್ತಿರ ಕೂರಲಾರವು. ಹಾಗಾಗಿ ಗುರಿಯಾಗಿದ್ದ ಗ್ಯಾಲಕ್ಸಿಗಳಲ್ಲಿ ಸುಮಾರು ನೂರಕ್ಕೆ ಆರಕ್ಕೆ ರೋಹಿತವೇ ಸಿಗಲಿಲ್ಲ. ಬಿಟ್ಟುಹೋದವು ಎಲ್ಲೆಡೆ ಸಮನಾಗಿ ಹರಡಿಲ್ಲ ಎಂಬುದೇ ಇಲ್ಲಿ ತೊಡಕು. ಗುಂಪುಗಳ ನಡುವೆ, ಡಿಕ್ಕಿ ಹೊಡೆಯುತ್ತಿರುವ ಜೋಡಿಗಳಲ್ಲಿ, ನಮ್ಮ ಪ್ರಶ್ನೆಗೆ ತೀರ ಬೇಕಾದ ಕಡೆಯೇ ಅವು ಹೆಚ್ಚು. ರೆಡ್‌ಶಿಫ್ಟ್ 0.1ರಲ್ಲಿ 55 ಆರ್ಕ್‌ಸೆಕೆಂಡ್ ಎಂದರೆ ಸುಮಾರು 100 ಕಿಲೋಪಾರ್ಸೆಕ್, ಅಂದರೆ 3 ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು. ಜೋಡಿ ಗ್ಯಾಲಕ್ಸಿಗಳನ್ನು ರೋಹಿತದ ಪಟ್ಟಿಯಿಂದಷ್ಟೇ ಎಣಿಸಿದರೆ ಹತ್ತಿರದ ಜೋಡಿಗಳು ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ.

ಕ್ವೆರಿ: ಚಿಕ್ಕದಾಗಿ ಶುರು ಮಾಡಿ

ಸ್ಲೋನ್ ಡೇಟಾಬೇಸನ್ನು ಸ್ಕೈಸರ್ವರ್ ಪುಟದಿಂದ ಅಥವಾ ಕ್ಯಾಸ್‌ಜಾಬ್ಸ್ ಮೂಲಕ ಕೇಳಬಹುದು. ದೊಡ್ಡ ಕೆಲಸಕ್ಕೆ ಕ್ಯಾಸ್‌ಜಾಬ್ಸ್‌ನಲ್ಲಿ ಉಚಿತ ಖಾತೆ ತೆರೆಯಿರಿ. ಫಲಿತಾಂಶ ನಿಮ್ಮದೇ ಮೈಡಿಬಿ ಎಂಬ ಜಾಗದಲ್ಲಿ ಕೋಷ್ಟಕವಾಗಿ ಉಳಿಯುತ್ತದೆ, ಮತ್ತೊಂದು ಕೋಷ್ಟಕದ ಜೊತೆ ಅಲ್ಲಿಯೇ ಜೋಡಿಸಬಹುದು. ಪೈಥಾನ್‌ನಿಂದ ನೇರ ಕೇಳಲು ಆಸ್ಟ್ರೋಕ್ವೆರಿ ಇದೆ. ಬಿಡುಗಡೆಯ ಸಂಖ್ಯೆಯನ್ನು, ಉದಾಹರಣೆಗೆ 2021ರ ಡಿಆರ್17 ಎಂದು, ಮೊದಲೇ ನಿಗದಿ ಮಾಡಿ ಫೈಲಿನ ಹೆಸರಿನಲ್ಲೇ ಬರೆದಿಡಿ. ಕ್ವೆರಿಯ (ಡೇಟಾಬೇಸಿಗೆ ಕೇಳಿದ ಪ್ರಶ್ನೆಯ) ಪೂರ್ತಿ ಪಠ್ಯವನ್ನೂ ಡೇಟಾದ ಪಕ್ಕದಲ್ಲೇ ಉಳಿಸಿ.

ನಮ್ಮ ಕೆಲಸಕ್ಕೆ ಎರಡು ಕೋಷ್ಟಕಗಳು ಸಾಕು. ಗ್ಯಾಲಕ್ಸಿ ಎಂಬ ನೋಟ-ಕೋಷ್ಟಕದಲ್ಲಿ ಚಿತ್ರದಿಂದ ಅಳೆದ ವಿವರಗಳಿವೆ, ಒಂದೇ ಕಾಯ ಎರಡು ಸಲ ಬರದಂತೆ ಮೊದಲೇ ಸೋಸಿದ್ದಾರೆ. ಸ್ಪೆಕ್‌ಆಬ್ಜ್‌ನಲ್ಲಿ ರೋಹಿತದ ವಿವರಗಳಿವೆ. ಸ್ಪೆಕ್‌ಆಬ್ಜ್‌ನ ಬೆಸ್ಟ್‌ಆಬ್ಜ್‌ಐಡಿ ಹಾಗೂ ಗ್ಯಾಲಕ್ಸಿಯ ಆಬ್ಜ್‌ಐಡಿ ಒಂದೇ ಆಗಿರುವ ಸಾಲುಗಳನ್ನು ಜೋಡಿಸಿ. ಷರತ್ತುಗಳು: ರೋಹಿತದ ವರ್ಗ ಗ್ಯಾಲಕ್ಸಿ, ಝಡ್‌ವಾರ್ನಿಂಗ್ 0 (ರೆಡ್‌ಶಿಫ್ಟ್ ಅಳತೆಯ ಬಗ್ಗೆ ಎಚ್ಚರಿಕೆ ಇಲ್ಲ), ಚಿತ್ರದ ಕ್ಲೀನ್ ಗುರುತು 1, ರೆಡ್‌ಶಿಫ್ಟ್ 0.025ರಿಂದ 0.06. ಇವಲ್ಲದೆ ಮುಖ್ಯ ಮಾದರಿಗೆ ಸೇರಿದ್ದೆಂದು ಹೇಳುವ ಲೆಗಸಿ ಗುರಿ-ಗುರುತಿನಲ್ಲಿ 64ರ ಬಿಟ್ ಹೊತ್ತಿರಬೇಕು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಸ್ಪೆಕ್‌ಆಬ್ಜ್‌ನಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಆರಿಸಿದ ಗ್ಯಾಲಕ್ಸಿಗಳು ಒಟ್ಟಿಗಿವೆ. ದೂರದ ಕೆಂಪು ಗ್ಯಾಲಕ್ಸಿಗಳನ್ನೇ ಬೇಕೆಂದು ಹುಡುಕಿದ ಮಾದರಿಗಳೂ ಅದರಲ್ಲಿವೆ. ಅವನ್ನು ಬೆರೆಸಿಕೊಂಡು "ದೂರ ಹೋದಂತೆ ಗ್ಯಾಲಕ್ಸಿಗಳು ಕೆಂಪಾಗುತ್ತವೆ" ಎಂದು ಬರೆದರೆ, ಅದು ಸಮೀಕ್ಷೆಯವರು ಆರಿಸಿದ್ದನ್ನೇ ಅವರಿಗೆ ತಿರುಗಿ ಹೇಳಿದಂತೆ.

ಯಾವ ಕಾಲಂ ಎಳೆಯಬೇಕು? ಒಟ್ಟು ಹೊಳಪಿಗೆ ಪೆಟ್ರೋಸಿಯನ್ ಅಥವಾ ಸಿಮಾಡೆಲ್ ಕಾಂತಿಮಾನ. ಬಣ್ಣಕ್ಕೆ ಮಾಡೆಲ್ ಕಾಂತಿಮಾನ, ಏಕೆಂದರೆ ಐದೂ ಫಿಲ್ಟರ್‌ಗಳಲ್ಲಿ ಒಂದೇ ಆಕಾರದ ಮಾದರಿಯಿಂದ ಅಳೆದದ್ದು ಅದು. ಇವುಗಳ ಜೊತೆ ಪ್ರತಿ ಕಾಂತಿಮಾನದ ದೋಷ, ಅರ್ಧ ಬೆಳಕು ಹಾಗೂ ನೂರಕ್ಕೆ ತೊಂಬತ್ತು ಬೆಳಕು ಒಳಗೊಂಡ ಪೆಟ್ರೋಸಿಯನ್ ತ್ರಿಜ್ಯಗಳು, ಅಗಲ-ಉದ್ದದ ಅನುಪಾತ, ದೂಳಿನ ಮರೆಮಾಚುವಿಕೆಯ ಪ್ರಮಾಣ.

ಇಲ್ಲಿ ಒಂದು ಹಳೆಯ ಗುಂಡಿ ಇದೆ. ಚಿತ್ರದ ಕೋಷ್ಟಕದಲ್ಲಿ ಝಡ್ ಎಂಬ ಕಾಲಂ ಝಡ್ ಫಿಲ್ಟರ್‌ನ ಕಾಂತಿಮಾನ. ರೋಹಿತದ ಕೋಷ್ಟಕದಲ್ಲಿ ಅದೇ ಹೆಸರಿನ ಕಾಲಂ ರೆಡ್‌ಶಿಫ್ಟ್. ಎರಡಕ್ಕೂ ಕ್ವೆರಿಯಲ್ಲೇ ಬೇರೆ ಹೆಸರು ಕೊಡಿ. ಕೊಡದಿದ್ದರೆ ಒಂದು ಇನ್ನೊಂದರ ಮೇಲೆ ಕೂತು, 17 ಎಂಬ ರೆಡ್‌ಶಿಫ್ಟ್ ಇರುವ ಗ್ಯಾಲಕ್ಸಿಗಳು ಹುಟ್ಟುತ್ತವೆ.

ಮೊದಲು ಮೇಲಿನ 100 ಸಾಲುಗಳನ್ನು ಮಾತ್ರ ಕೇಳಿ, ಕಣ್ಣಿಂದ ನೋಡಿ. ಆಮೇಲೆ ಕೆಲವು ಚದರ ಡಿಗ್ರಿ, ಆಮೇಲೆ ಪೂರ್ತಿ.

ಇಳಿಸಿದ ಕೂಡಲೇ ನೋಡಬೇಕಾದದ್ದು

ಆಬ್ಜ್‌ಐಡಿ 19 ಅಂಕಿಗಳ ಸಂಖ್ಯೆ. ಸ್ಪ್ರೆಡ್‌ಶೀಟ್‌ಗಳು 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಟ್ಟು ಉಳಿದದ್ದನ್ನು ಸೊನ್ನೆ ಮಾಡುತ್ತವೆ. ಪೈಥಾನ್‌ನ ಕೋಷ್ಟಕ-ಸಲಕರಣೆ ಪಾಂಡಾಸ್ ಕೂಡ ಆ ಕಾಲಂನಲ್ಲಿ ಒಂದು ಖಾಲಿ ಜಾಗ ಕಂಡರೆ ಇಡೀ ಕಾಲಂ ಅನ್ನು ದಶಮಾಂಶ ಸಂಖ್ಯೆಯಾಗಿ ಬದಲಿಸಿ ಕೊನೆಯ ಅಂಕಿಗಳನ್ನು ಕಳೆಯುತ್ತದೆ. ದೋಷದ ಸಂದೇಶ ಏನೂ ಬರುವುದಿಲ್ಲ. ಆಮೇಲೆ ಜೋಡಿಸುವಾಗ ಒಂದೋ ಏನೂ ಹೊಂದುವುದಿಲ್ಲ, ಇಲ್ಲವೇ ಪಕ್ಕದ ಕಾಯದ ಜೊತೆ ಹೊಂದುತ್ತದೆ. ಐಡಿಗಳನ್ನು 64 ಬಿಟ್ ಪೂರ್ಣಾಂಕವಾಗಿ ಅಥವಾ ಪಠ್ಯವಾಗಿ ಓದಿಸಿ. ಸಿಎಸ್‌ವಿ ಬದಲು ಫಿಟ್ಸ್ ಅಥವಾ ಪಾರ್ಕೆ ರೂಪದಲ್ಲಿ ಉಳಿಸಿದರೆ ಈ ತಾಪತ್ರಯ ಇಲ್ಲ.

ಅಳೆಯಲಾಗದ ಕಡೆ ಸ್ಲೋನ್ −9999 ಎಂದು ತುಂಬುತ್ತದೆ. ರ‍್ಯಾಂಡಮ್ ಫಾರೆಸ್ಟ್‌ನಂಥ ವಿಧಾನಗಳು (ಅನೇಕ ನಿರ್ಧಾರ-ಮರಗಳ ಉತ್ತರ ಸೇರಿಸುವಂಥವು) ಅದನ್ನು ನಿಜವಾದ ಬೆಲೆಯೆಂದೇ ನುಂಗಿ, ಯಾವ ಎಚ್ಚರಿಕೆಯೂ ಇಲ್ಲದೆ ಮರ ಕಟ್ಟುತ್ತವೆ. ಪ್ರತಿ ಕಾಲಂನ ಕನಿಷ್ಠ, ಗರಿಷ್ಠ, ಮಧ್ಯಾಂಕಗಳನ್ನು ಮುದ್ರಿಸಿ ನೋಡಿ. ಎಷ್ಟು ಸಾಲುಗಳು ಯಾವ ಷರತ್ತಿನಿಂದ ಬಿದ್ದುಹೋದವು ಎಂದು ಲೆಕ್ಕ ಬರೆದಿಡಿ. ಯಾವುದೋ ಒಂದೇ ಷರತ್ತು ಅರ್ಧ ಮಾದರಿಯನ್ನು ತೆಗೆದುಹಾಕಿದ್ದರೆ ಅಲ್ಲಿ ನಿಲ್ಲಿ.

ಆಕಾಶದ ಮೇಲೆ ಬಿಂದುಗಳನ್ನು ಚುಕ್ಕಿ ಇಟ್ಟು ನೋಡಿ. ಅಂಚುಗಳು, ಖಾಲಿ ಪಟ್ಟಿಗಳು, ಪ್ರಕಾಶಮಾನ ನಕ್ಷತ್ರಗಳ ಸುತ್ತಲ ರಂಧ್ರಗಳು ಎಲ್ಲವೂ ಕಾಣಬೇಕು. ಇಡೀ ಮುಖ್ಯ ಮಾದರಿಯನ್ನು ತೆಗೆದು ರೆಡ್‌ಶಿಫ್ಟ್‌ನ ಹಿಸ್ಟೋಗ್ರಾಮ್ ಬಿಡಿಸಿದರೆ 0.08ರ ಹತ್ತಿರ ಒಂದು ಉಬ್ಬು ಸಿಗುತ್ತದೆ. ಅದನ್ನು ದೋಷವೆಂದು ಸರಿಪಡಿಸಹೋಗಬೇಡಿ. ಅದು ಸ್ಲೋನ್ ಮಹಾಗೋಡೆ, 2003ರಲ್ಲಿ ಇದೇ ಸಮೀಕ್ಷೆಯಲ್ಲಿ ಗುರುತಿಸಿದ, 100 ಕೋಟಿ ಜ್ಯೋತಿರ್ವರ್ಷಕ್ಕೂ ಉದ್ದವಾದ ಗ್ಯಾಲಕ್ಸಿಗಳ ಸಾಲು.

ಕೊನೆಗೆ, ಯಾದೃಚ್ಛಿಕವಾಗಿ 50 ಗ್ಯಾಲಕ್ಸಿಗಳನ್ನು ಆರಿಸಿ ಅವುಗಳ ಚಿತ್ರಗಳನ್ನು ತೆರೆದು ನೋಡಿ. ಈ ಹಂತಕ್ಕೆ ಬದಲಿ ಇಲ್ಲ. ಹತ್ತಿರದ ದೊಡ್ಡ ಸುರುಳಿ ಗ್ಯಾಲಕ್ಸಿಯ ಒಂದು ತೋಳನ್ನೇ ಪ್ರತ್ಯೇಕ ಗ್ಯಾಲಕ್ಸಿಯೆಂದು ಸಾಫ್ಟ್‌ವೇರ್ ಒಡೆದಿರುವುದು, ದೊಡ್ಡ ಗ್ಯಾಲಕ್ಸಿಯ ಹೊರಮೈಯನ್ನು ಆಕಾಶದ ಹಿನ್ನೆಲೆಯೆಂದು ಕಳೆದುಬಿಟ್ಟಿರುವುದು ಇಲ್ಲಿ ಕಣ್ಣಿಗೆ ಬೀಳುತ್ತವೆ. ಕೆಳಗಿನ ಮಿತಿಯಾಗಿ 0.025 ಇಟ್ಟದ್ದಕ್ಕೆ ಇದೇ ಒಂದು ಕಾರಣ. ಇನ್ನೊಂದು, ತೀರ ಹತ್ತಿರದಲ್ಲಿ ಗ್ಯಾಲಕ್ಸಿಯ ಸ್ವಂತ ಚಲನೆ ರೆಡ್‌ಶಿಫ್ಟ್‌ಗೆ ಬೆರೆತು ದೂರವನ್ನು ತಪ್ಪಿಸುತ್ತದೆ: ರೆಡ್‌ಶಿಫ್ಟ್ 0.01ರಲ್ಲಿ ಸೆಕೆಂಡಿಗೆ 300 ಕಿಲೋಮೀಟರ್ ಸ್ವಂತ ವೇಗ ಎಂದರೆ ದೂರದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು.

ತೋರುವ ಕಾಂತಿಯಿಂದ ನಿಜವಾದ ಹೊಳಪಿಗೆ

ಮೂರು ತಿದ್ದುಪಡಿಗಳು, ಇದೇ ಕ್ರಮದಲ್ಲಿ. ಮೊದಲನೆಯದು ನಮ್ಮ ಕ್ಷೀರಪಥದ ದೂಳು. ಕೋಷ್ಟಕದಲ್ಲಿರುವ ಎಕ್ಸ್‌ಟಿಂಕ್ಷನ್ ಬೆಲೆಯನ್ನು ಆಯಾ ಕಾಂತಿಮಾನದಿಂದ ಕಳೆಯಿರಿ. ಡಿರೆಡ್ ಎಂದು ಶುರುವಾಗುವ ಕಾಲಂಗಳಲ್ಲಿ ಇದನ್ನು ಆಗಲೇ ಕಳೆದಿದ್ದಾರೆ. ಅವನ್ನು ತೆಗೆದುಕೊಂಡು ಮತ್ತೊಮ್ಮೆ ಕಳೆಯುವುದು ಸಾಮಾನ್ಯ ತಪ್ಪು.

ಎರಡನೆಯದು ದೂರ. ಪೈಥಾನ್‌ನ ಖಗೋಳ ಸಲಕರಣೆ ಆಸ್ಟ್ರೋಪೈಯ ವಿಶ್ವಮಾದರಿ ಭಾಗದಲ್ಲಿ ಹಬಲ್ ಸ್ಥಿರಾಂಕ 70, ದ್ರವ್ಯಸಾಂದ್ರತೆ 0.3 ಎಂದು ಕೊಟ್ಟು ದೂರ-ಮಾಪಾಂಕ (ತೋರುವ ಕಾಂತಿಮಾನಕ್ಕೂ ನಿರಪೇಕ್ಷ, ಅಂದರೆ ನಿಜವಾದ ಹೊಳಪಿನ, ಕಾಂತಿಮಾನಕ್ಕೂ ಇರುವ ವ್ಯತ್ಯಾಸ) ಪಡೆಯಿರಿ. ಸರಿ ಬಂದಿದೆಯೇ ಎಂದು ನೋಡಲು: ರೆಡ್‌ಶಿಫ್ಟ್ 0.05ಕ್ಕೆ ಅದು 36.7ರ ಆಸುಪಾಸು, 0.1ಕ್ಕೆ 38.3.

ಮೂರನೆಯದು ಕೆ-ತಿದ್ದುಪಡಿ. ದೂರದ ಗ್ಯಾಲಕ್ಸಿಯ ಬೆಳಕು ಕೆಂಪಿನ ಕಡೆ ಸರಿದಿರುವುದರಿಂದ ಒಂದೇ ಫಿಲ್ಟರ್ ಬೇರೆ ಬೇರೆ ಗ್ಯಾಲಕ್ಸಿಗಳಲ್ಲಿ ಬೇರೆ ಬೇರೆ ತರಂಗಾಂತರಗಳನ್ನು ಅಳೆಯುತ್ತದೆ. ರೆಡ್‌ಶಿಫ್ಟ್ 0.1ರ ಕೆಂಪು ಗ್ಯಾಲಕ್ಸಿಗೆ ಆರ್‌ನಲ್ಲಿ ಇದು 0.1ರ ಹತ್ತಿರ, ಜಿಯಲ್ಲಿ ಅದಕ್ಕಿಂತ ಹೆಚ್ಚು. ಬಿಟ್ಟರೆ ಬಣ್ಣಕ್ಕೂ ದೂರಕ್ಕೂ ಇಲ್ಲದ ಸಂಬಂಧ ಹುಟ್ಟುತ್ತದೆ.

ದೂರದ ಮೋಸ

ಕಾಂತಿಮಾನ 17.77ರ ಗೆರೆಯನ್ನು ಹೊಳಪಿಗೆ ತಿರುಗಿಸಿ ನೋಡಿ. ರೆಡ್‌ಶಿಫ್ಟ್ 0.02ರಲ್ಲಿ ಆರ್‌ನ ನಿರಪೇಕ್ಷ ಕಾಂತಿಮಾನ −16.9ರವರೆಗಿನ ಗ್ಯಾಲಕ್ಸಿಗಳು ಕಾಣುತ್ತವೆ. 0.05ರಲ್ಲಿ −19, 0.1ರಲ್ಲಿ −20.5. ದೂರ ಹೋದಂತೆ ಮಂಕಾದವು ಪಟ್ಟಿಯಿಂದ ಮಾಯವಾಗುತ್ತವೆ, ಉಳಿದವುಗಳ ಸರಾಸರಿ ಹೊಳಪು ಏರುತ್ತದೆ. ಹೊಳೆಯುವ ಗ್ಯಾಲಕ್ಸಿಗಳು ಹೆಚ್ಚಾಗಿ ಕೆಂಪು, ಹೆಚ್ಚಾಗಿ ಅಂಡಾಕಾರ, ಹೆಚ್ಚಾಗಿ ದಟ್ಟ ಗುಂಪುಗಳಲ್ಲಿ ಇರುವಂಥವು. ಹಾಗಾಗಿ ಈ ಒಂದೇ ಮಿತಿ ಬಣ್ಣ, ಆಕಾರ, ನೆರೆಹೊರೆ ಮೂರನ್ನೂ ಒಟ್ಟಿಗೆ ತಿರುಚುತ್ತದೆ. ಇದೇ ಮಾಲ್ಮ್‌ಕ್ವಿಸ್ಟ್ ಪಕ್ಷಪಾತ. ಮೈನಿಂಗ್ ಅಲ್ಗಾರಿದಮ್ ಇದನ್ನು ಬಹಳ ಆತ್ಮವಿಶ್ವಾಸದಿಂದ ಹುಡುಕಿಕೊಡುತ್ತದೆ.

ಪರಿಹಾರ ಎರಡು. ಸರಳವಾದದ್ದು, ಘನಗಾತ್ರ-ಮಿತಿಯ ಮಾದರಿ: ರೆಡ್‌ಶಿಫ್ಟ್ 0.025ರಿಂದ 0.06ರವರೆಗೆ, ನಿರಪೇಕ್ಷ ಕಾಂತಿಮಾನ −19.5ಕ್ಕಿಂತ ಹೊಳೆಯುವವು ಮಾತ್ರ. ಈ ಚೌಕದೊಳಗಿನ ಯಾವ ಗ್ಯಾಲಕ್ಸಿಯಾದರೂ 0.06ರ ಅಂಚಿನಲ್ಲಿದ್ದರೂ ಸಮೀಕ್ಷೆಗೆ ಕಾಣುತ್ತಿತ್ತು. ತುಂಬ ಸಾಲುಗಳು ಕೈಬಿಟ್ಟುಹೋಗುತ್ತವೆ, ಹೋಗಲಿ. ಇನ್ನೊಂದು, ಪ್ರತಿ ಗ್ಯಾಲಕ್ಸಿಗೂ ಅದು ಗರಿಷ್ಠ ಎಷ್ಟು ಘನಗಾತ್ರದೊಳಗೆ ಇದ್ದರೂ ಕಾಣುತ್ತಿತ್ತು ಎಂದು ಲೆಕ್ಕಹಾಕಿ ಅದರ ವಿಲೋಮವನ್ನು ತೂಕವಾಗಿ ಕೊಡುವುದು. ಎಣಿಕೆಗೆ, ಸರಾಸರಿಗೆ ಇದು ಚೆನ್ನ. ಯಂತ್ರಕಲಿಕೆಯಲ್ಲಿ ಕೆಲವೇ ಮಂಕು ಗ್ಯಾಲಕ್ಸಿಗಳಿಗೆ ವಿಪರೀತ ತೂಕ ಬಂದು ಮಾದರಿ ಅಲುಗಾಡುತ್ತದೆ. ಶುರುವಿನಲ್ಲಿ ಮೊದಲನೆಯದನ್ನೇ ಹಿಡಿಯಿರಿ.

ಮೊದಲ ಚಿತ್ರ: ಕೆಂಪು ಪಟ್ಟಿ, ನೀಲಿ ಮೋಡ

ಅಡ್ಡಕ್ಕೆ ನಿರಪೇಕ್ಷ ಕಾಂತಿಮಾನ, ಉದ್ದಕ್ಕೆ ಜಿಯಿಂದ ಆರ್ ಕಳೆದ ಬಣ್ಣ. ಬಿಂದುಗಳು ಒಂದರ ಮೇಲೊಂದು ಬಿದ್ದು ಕಪ್ಪಾಗುವುದರಿಂದ ಚುಕ್ಕಿಗಳ ಬದಲು ಸಾಂದ್ರತೆಯ ನಕ್ಷೆ ಬಿಡಿಸಿ. ಎರಡು ಗುಡ್ಡಗಳು ಎದ್ದು ಕಾಣಬೇಕು: 0.7–0.8ರ ಸುತ್ತ ಕೆಂಪು ಗ್ಯಾಲಕ್ಸಿಗಳ ಕಿರಿದಾದ ಪಟ್ಟಿ, 0.4–0.5ರ ಸುತ್ತ ನಕ್ಷತ್ರಗಳು ಹುಟ್ಟುತ್ತಿರುವ ನೀಲಿ ಗ್ಯಾಲಕ್ಸಿಗಳ ಹರಡು. ಯು−ಆರ್ ಬಣ್ಣದಲ್ಲಿ ಈ ಎರಡನ್ನು ಬೇರ್ಪಡಿಸುವ ಬೆಲೆ 2.22 ಎಂದು 2001ರಲ್ಲೇ ಸ್ಲೋನ್ ಡೇಟಾದಿಂದ ತೋರಿಸಿದ್ದರು. ಎರಡು ಗುಡ್ಡ ಕಾಣದಿದ್ದರೆ ಹಿಂದಿನ ಹಂತಗಳಲ್ಲಿ ಎಲ್ಲೋ ತಪ್ಪಿದೆ, ಮುಂದೆ ಹೋಗಬೇಡಿ.

ಯು ಫಿಲ್ಟರ್ ಆಕರ್ಷಕವಾದರೂ ಕೆಂಪು ಗ್ಯಾಲಕ್ಸಿಗಳಲ್ಲಿ ಅದರ ಅಳತೆ ಗದ್ದಲಮಯ. ಜೊತೆಗೆ ಆ ಫಿಲ್ಟರ್ ಕೆಂಪು ಬೆಳಕನ್ನು ಸ್ವಲ್ಪ ಒಳಬಿಡುತ್ತದೆ. ದೋಷ 0.2ಕ್ಕಿಂತ ಹೆಚ್ಚಿದ್ದರೆ ಯು ಬಳಸದೆ ಜಿ−ಆರ್‌ನಲ್ಲೇ ಇರಿ.

ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವ ಗ್ಯಾಲಕ್ಸಿಗಳೆಲ್ಲ ನೀಲಿಯಿಂದ ಕೆಂಪಿಗೆ ಸಾಗುತ್ತಿರುವವು ಎಂದು ಕೂಡಲೇ ನಂಬಬೇಡಿ. ಅಂಚಿನಿಂದ ಕಾಣುವ ಸುರುಳಿ ಗ್ಯಾಲಕ್ಸಿಯ ಬೆಳಕು ತನ್ನದೇ ದೂಳಿನ ಮೂಲಕ ಹಾದುಬರುವುದರಿಂದ ಕೆಂಪಾಗಿ ಕಂಡು ಇಲ್ಲಿಗೆ ಬಂದು ಕೂರುತ್ತದೆ. ಅಗಲ-ಉದ್ದದ ಅನುಪಾತ 0.6ಕ್ಕಿಂತ ಹೆಚ್ಚಿರುವವನ್ನಷ್ಟೇ ಇಟ್ಟು ಚಿತ್ರವನ್ನು ಮತ್ತೆ ಬಿಡಿಸಿ. ಕಣಿವೆ ಎಷ್ಟು ತೆಳುವಾಗುತ್ತದೆ ಎಂಬುದೇ ದೂಳಿನ ಪಾಲನ್ನು ಹೇಳುತ್ತದೆ.

ರೋಹಿತದ ಗೆರೆಗಳಿಂದ ಕಪ್ಪುಕುಳಿ ಹುಡುಕುವುದು

ಗ್ಯಾಲಕ್ಸಿಯ ಮಧ್ಯದ ಅನಿಲವನ್ನು ಬೆಳಗಿಸುತ್ತಿರುವುದು ಎಳೆಯ ನಕ್ಷತ್ರಗಳೋ, ನುಂಗುತ್ತಿರುವ ಕಪ್ಪುಕುಳಿಯೋ? 1981ರಲ್ಲಿ ಬಾಲ್ಡ್‌ವಿನ್, ಫಿಲಿಪ್ಸ್, ಟೆರ್ಲೆವಿಚ್ ಕೊಟ್ಟ ಬಿಪಿಟಿ ನಕ್ಷೆ ಇಂದಿಗೂ ಇದಕ್ಕೆ ಮೊದಲ ಸಾಧನ. ಗ್ಯಾಲ್‌ಸ್ಪೆಕ್‌ಲೈನ್ ಕೋಷ್ಟಕದಿಂದ ನಾಲ್ಕು ಗೆರೆಗಳನ್ನು ತೆಗೆದುಕೊಳ್ಳಿ: 5007 ಆಂಗ್‌ಸ್ಟ್ರಾಮ್ ತರಂಗಾಂತರದ ಆಮ್ಲಜನಕ, 4861ರ ಹೈಡ್ರೋಜನ್ ಬೀಟಾ, 6584ರ ಸಾರಜನಕ, 6563ರ ಹೈಡ್ರೋಜನ್ ಆಲ್ಫಾ. ಉದ್ದಕ್ಕೆ ಆಮ್ಲಜನಕ–ಬೀಟಾ ಅನುಪಾತದ ಲಾಗ್, ಅಡ್ಡಕ್ಕೆ ಸಾರಜನಕ–ಆಲ್ಫಾ ಅನುಪಾತದ ಲಾಗ್. ಪ್ರತಿ ಜೋಡಿಯ ಗೆರೆಗಳೂ ಅಕ್ಕಪಕ್ಕದಲ್ಲಿರುವುದರಿಂದ ದೂಳಿನ ಪರಿಣಾಮ ಬಹುಮಟ್ಟಿಗೆ ರದ್ದಾಗುತ್ತದೆ.

ಅಡ್ಡದ ಬೆಲೆಯಿಂದ 0.47 ಕಳೆದು, ಅದರಿಂದ 0.61 ಅನ್ನು ಭಾಗಿಸಿ, 1.19 ಕೂಡಿಸಿದರೆ ಬರುವುದು ಕ್ಯೂಲಿ ಅವರ 2001ರ ರೇಖೆ. ಅದಕ್ಕಿಂತ ಮೇಲಿರುವವನ್ನು ಬರೀ ನಕ್ಷತ್ರಗಳಿಂದ ವಿವರಿಸಲಾಗದು. 0.05 ಕಳೆದು, ಹಾಗೆಯೇ ಭಾಗಿಸಿ, 1.3 ಕೂಡಿಸಿದರೆ ಕೌಫ್‌ಮನ್ ಅವರ 2003ರ ರೇಖೆ. ಅದರ ಕೆಳಗಿನವು ನಕ್ಷತ್ರ ಹುಟ್ಟುವ ಗ್ಯಾಲಕ್ಸಿಗಳು. ನಡುವಿನವು ಮಿಶ್ರ. ಈ ಸೂತ್ರಗಳ ಛೇದ ಧನಾತ್ಮಕವಾದರೆ ವಕ್ರರೇಖೆ ತಲೆಕೆಳಗಾಗಿ ಹಾರುತ್ತದೆ. ಆದ್ದರಿಂದ ಅಡ್ಡದ ಬೆಲೆ 0.47 ದಾಟಿದ ಗ್ಯಾಲಕ್ಸಿಗಳನ್ನು ನೇರವಾಗಿ ಮೇಲಿನ ವರ್ಗಕ್ಕೆ ಹಾಕುವಂತೆ ಕೋಡ್‌ನಲ್ಲಿ ಬರೆಯಿರಿ. ಕೌಫ್‌ಮನ್ ರೇಖೆಗೆ 0.05ರಲ್ಲಿ ಇದೇ ಎಚ್ಚರ.

ನಾಲ್ಕೂ ಗೆರೆಗಳಲ್ಲಿ ಸಂಕೇತ ದೋಷದ ಮೂರು ಪಟ್ಟಿಗಿಂತ ಹೆಚ್ಚಿರಬೇಕು ಎಂಬುದು ರೂಢಿಯ ಷರತ್ತು. ಈ ಷರತ್ತಿಗೂ ಬೆಲೆಯಿದೆ: ಗೆರೆಗಳೇ ಇಲ್ಲದ ಕೆಂಪು ಗ್ಯಾಲಕ್ಸಿಗಳು ಬಿದ್ದುಹೋಗುತ್ತವೆ. "ಶೇಕಡಾ ಇಷ್ಟು ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿ ಸಕ್ರಿಯ" ಎನ್ನುವಾಗ ಛೇದದಲ್ಲಿ ಅವನ್ನು ಸೇರಿಸಿದ್ದೀರಾ ಎಂದು ಹೇಳಲೇಬೇಕು. ಇನ್ನೊಂದು ಎಚ್ಚರ: ನಕ್ಷೆಯ ಮೇಲಿನ ಬಲಭಾಗದಲ್ಲಿ ಹಳೆಯ ನಕ್ಷತ್ರಗಳೇ ಅನಿಲವನ್ನು ಬೆಳಗಿಸುವ ನಿವೃತ್ತ ಗ್ಯಾಲಕ್ಸಿಗಳೂ ಕೂರುತ್ತವೆ. ಆಲ್ಫಾ ಗೆರೆಯ ಸಮಾನ ಅಗಲ (ಹಿನ್ನೆಲೆ ಬೆಳಕಿಗೆ ಹೋಲಿಸಿದಾಗ ಗೆರೆಯ ಬಲ) 3 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ ಅದನ್ನು ಕಪ್ಪುಕುಳಿಯ ಲೆಕ್ಕಕ್ಕೆ ಹಾಕಬೇಡಿ.

ಫೈಬರ್‌ನ ಅಗಲ ಇಲ್ಲೂ ಕೈಯಾಡಿಸುತ್ತದೆ. 3 ಆರ್ಕ್‌ಸೆಕೆಂಡ್ ಎಂದರೆ ರೆಡ್‌ಶಿಫ್ಟ್ 0.02ರಲ್ಲಿ ಸುಮಾರು 1.2 ಕಿಲೋಪಾರ್ಸೆಕ್, 0.1ರಲ್ಲಿ 5.5. ಹತ್ತಿರದಲ್ಲಿ ಕೇಂದ್ರ ಮಾತ್ರ, ದೂರದಲ್ಲಿ ಸುತ್ತಲ ತಟ್ಟೆಯೂ ಸೇರುತ್ತದೆ. ಒಂದೇ ಬಗೆಯ ಗ್ಯಾಲಕ್ಸಿ ದೂರಕ್ಕೆ ತಕ್ಕಂತೆ ಬೇರೆ ವರ್ಗಕ್ಕೆ ಬೀಳಬಹುದು. ನಮ್ಮ ಕಿರಿದಾದ ರೆಡ್‌ಶಿಫ್ಟ್ ಪಟ್ಟಿ ಇದನ್ನೂ ತಗ್ಗಿಸುತ್ತದೆ.

ಬೇರೆ ಕ್ಯಾಟಲಾಗ್‌ಗಳ ಜೊತೆ ಜೋಡಣೆ

ಅವಗೆಂಪಿಗೆ ವೈಸ್, ಅತಿನೇರಳೆಗೆ ಗ್ಯಾಲೆಕ್ಸ್ ಎಂಬ ಬಾಹ್ಯಾಕಾಶ ದೂರದರ್ಶಕಗಳ ಕ್ಯಾಟಲಾಗ್‌ಗಳನ್ನು ಸೇರಿಸಿದರೆ ದೂಳು ಮತ್ತು ಎಳೆಯ ನಕ್ಷತ್ರಗಳ ಮಾಹಿತಿ ಬರುತ್ತದೆ. ಕೋಷ್ಟಕಗಳನ್ನು ಜೋಡಿಸುವ ಟಾಪ್‌ಕ್ಯಾಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಇದು ಕೆಲವೇ ಕ್ಲಿಕ್‌ಗಳ ಕೆಲಸ. ವೈಸ್‌ನ ಚಿತ್ರ 6 ಆರ್ಕ್‌ಸೆಕೆಂಡ್‌ನಷ್ಟು ಮಂಜಾಗಿರುವುದರಿಂದ 3 ಆರ್ಕ್‌ಸೆಕೆಂಡ್ ಅಂತರದೊಳಗೆ ಹುಡುಕಿ. ಎಷ್ಟು ಜೋಡಿಗಳು ಕಾಕತಾಳೀಯ ಎಂದು ತಿಳಿಯಲು ಒಂದು ಕ್ಯಾಟಲಾಗನ್ನು ಒಂದು ಆರ್ಕ್‌ಮಿನಿಟ್ ಪಕ್ಕಕ್ಕೆ ಸರಿಸಿ ಮತ್ತೆ ಜೋಡಿಸಿ. ಆಗಲೂ ಸಿಗುವ ಜೋಡಿಗಳೆಲ್ಲ ಸುಳ್ಳು. ವೈಸ್ ವೇಗಾ ಅಳತೆಯಲ್ಲಿದೆ, ಸ್ಲೋನ್ ಎಬಿ ಅಳತೆಯಲ್ಲಿದೆ, ಎರಡರಲ್ಲೂ ಕಾಂತಿಮಾನದ ಸೊನ್ನೆ ಬೇರೆ ಬೇರೆ. ವೈಸ್‌ನ ಡಬ್ಲ್ಯು1 ಫಿಲ್ಟರ್‌ಗೆ 2.699, ಡಬ್ಲ್ಯು2ಕ್ಕೆ 3.339 ಕೂಡಿಸದೆ ಎರಡನ್ನೂ ಬೆರೆಸಬೇಡಿ.

ಯಂತ್ರಕ್ಕೆ ಕಲಿಸುವುದು

ಈಗ ಅಲ್ಗಾರಿದಮ್. ಆಕಾರದ ವರ್ಗೀಕರಣಕ್ಕೆ ಉತ್ತರಗಳು ಬೇಕು, ಅವು ಗ್ಯಾಲಕ್ಸಿ ಜೂದಲ್ಲಿವೆ. 2007ರ ಜುಲೈಯಲ್ಲಿ ಶುರುವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಸ್ಲೋನ್‌ನ ಸುಮಾರು 9 ಲಕ್ಷ ಗ್ಯಾಲಕ್ಸಿಗಳನ್ನು ಕಣ್ಣಿಂದ ನೋಡಿ ವಿಂಗಡಿಸಿದರು. ಝೂಸ್ಪೆಕ್ ಕೋಷ್ಟಕದಲ್ಲಿ ಮತಗಳ ಪಾಲು ಸಿಗುತ್ತದೆ. ದೂರದ ಚಿಕ್ಕ ಗ್ಯಾಲಕ್ಸಿಯ ತೋಳುಗಳು ಮಸುಕಾಗಿ ಅದು ಅಂಡಾಕಾರದಂತೆ ಕಾಣುವುದರಿಂದ, ಆ ಪಕ್ಷಪಾತ ತಿದ್ದಿದ ಬೆಲೆಗಳನ್ನೇ ಬಳಸಿ. ತಿದ್ದಿದ ಮತ 80 ಪ್ರತಿಶತ ದಾಟಿದವನ್ನು ಸುರುಳಿ ಅಥವಾ ಅಂಡಾಕಾರ ಎಂದು ಗುರುತಿಸಿದ್ದಾರೆ, ದೊಡ್ಡ ಪಾಲು ಅನಿಶ್ಚಿತವಾಗಿ ಉಳಿದಿದೆ. ಖಚಿತವಾದವುಗಳ ಮೇಲಷ್ಟೇ ಕಲಿಸಿ, ಖಚಿತವಾದವುಗಳ ಮೇಲಷ್ಟೇ ಪರೀಕ್ಷಿಸಿದರೆ ಅಂಕ 95 ದಾಟುವುದು ಸುಲಭ, ಮತ್ತು ಅರ್ಥಹೀನ. ಮತಗಳ ಪಾಲನ್ನೇ ಗುರಿಯಾಗಿಟ್ಟು ಕಲಿಸಿ.

ಯಾವ ಮಾದರಿಗೂ ಮೊದಲು ಒಂದು ಗೆರೆಯ ನಿಯಮವನ್ನು ಪರೀಕ್ಷಿಸಿ. ತೊಂಬತ್ತರ ತ್ರಿಜ್ಯವನ್ನು ಐವತ್ತರದ್ದರಿಂದ ಭಾಗಿಸಿದರೆ ಬರುವ ಸಾಂದ್ರತಾಂಕ 2.6 ದಾಟಿದರೆ ಅಂಡಾಕಾರ, ಇಲ್ಲದಿದ್ದರೆ ಸುರುಳಿ. ನಿಮ್ಮ ರ‍್ಯಾಂಡಮ್ ಫಾರೆಸ್ಟ್ ಇದಕ್ಕಿಂತ ಎಷ್ಟು ಉತ್ತಮ ಎಂಬುದೇ ನಿಜವಾದ ಅಂಕ. 300 ಮರಗಳು, ಎಲೆಗೆ ಕನಿಷ್ಠ 5 ಗ್ಯಾಲಕ್ಸಿಗಳು ಎಂದಿಟ್ಟರೆ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ.

ಪರೀಕ್ಷೆಗೆ ಸಾಲುಗಳನ್ನು ಯಾದೃಚ್ಛಿಕವಾಗಿ ಒಡೆಯಬೇಡಿ. ಒಂದೇ ಗುಂಪಿನ ನೆರೆಹೊರೆಯವು ಎರಡೂ ಕಡೆ ಸೇರಿ, ಅದೇ ರಾತ್ರಿಯ ಅದೇ ಮಂಜಿನ ಗುರುತು ಎರಡೂ ಕಡೆ ಬಂದು, ಅಂಕ ಉಬ್ಬುತ್ತದೆ. ಆಕಾಶವನ್ನೇ ತುಂಡು ಮಾಡಿ: ಹೀಲ್‌ಪಿಕ್ಸ್‌ನಲ್ಲಿ ಎನ್‌ಸೈಡ್ 8 ಇಟ್ಟರೆ ಇಡೀ ಆಕಾಶ 768 ಸಮಾನ ತುಂಡುಗಳಾಗುತ್ತದೆ, ಒಂದೊಂದೂ ಸುಮಾರು 54 ಚದರ ಡಿಗ್ರಿ. ಕೆಲವು ತುಂಡುಗಳನ್ನು ಪೂರ್ತಿ ಬದಿಗಿಟ್ಟು ಪರೀಕ್ಷಿಸಿ. ಫಲಿತಾಂಶದ ದೋಷಮಿತಿಗೂ ಇದೇ ತುಂಡುಗಳನ್ನು ಒಂದೊಂದಾಗಿ ಬಿಟ್ಟು ಲೆಕ್ಕ ಮಾಡಬಹುದು.

ಚಿತ್ರಗಳಿಂದಲೇ ಕಲಿಸುವುದಾದರೆ ತಿರುಗಿಸಿದ, ಕನ್ನಡಿಯಲ್ಲಿ ಕಂಡಂತೆ ಮಗುಚಿದ ಪ್ರತಿಗಳನ್ನೂ ಸೇರಿಸಿ. ಗ್ಯಾಲಕ್ಸಿಗೆ ಮೇಲು-ಕೆಳಗು ಇಲ್ಲ. ಮೊದಲಿಂದ ಕಲಿಸುವ ಬದಲು ಗ್ಯಾಲಕ್ಸಿ ಜೂ ಉತ್ತರಗಳಿಂದ ಈಗಾಗಲೇ ತರಬೇತಾದ ಝೂಬಾಟ್ ಎಂಬ ಜಾಲವನ್ನು ತೆಗೆದುಕೊಂಡರೆ, ಕೆಲವು ನೂರು ಹೊಸ ಉದಾಹರಣೆಗಳಿಂದಲೇ ನಿಮ್ಮ ಪ್ರಶ್ನೆಗೆ ಹೊಂದಿಸಬಹುದು.

ಕನ್ನಡಿ ಪರೀಕ್ಷೆಯ ಮಹತ್ವ ಗ್ಯಾಲಕ್ಸಿ ಜೂದ ಇತಿಹಾಸದಲ್ಲೇ ಇದೆ. ಆರಂಭದ ಮತಗಳಲ್ಲಿ ಎಡಕ್ಕೆ ತಿರುಗುವ ಸುರುಳಿಗಳು ಬಲಕ್ಕೆ ತಿರುಗುವವುಗಳಿಗಿಂತ ಹೆಚ್ಚಾಗಿ ಕಂಡವು. ನಿಜವಾಗಿದ್ದರೆ ವಿಶ್ವದ ಬಗ್ಗೆಯೇ ದೊಡ್ಡ ಮಾತು. ತಂಡ ಚಿತ್ರಗಳನ್ನು ಕನ್ನಡಿಯಲ್ಲಿ ಮಗುಚಿ ಮತ್ತೆ ಜನರ ಮುಂದಿಟ್ಟಿತು. ಮಗುಚಿದ ಚಿತ್ರಗಳಲ್ಲೂ ಎಡಕ್ಕೆ ತಿರುಗುವವೇ ಹೆಚ್ಚು! ಪಕ್ಷಪಾತ ಇದ್ದದ್ದು ನೋಡುವವರ ಕಣ್ಣಿನಲ್ಲಿ. ನಿಮ್ಮ ಪ್ರತಿ ಫಲಿತಾಂಶಕ್ಕೂ ಇಂಥ ಒಂದು ಪರೀಕ್ಷೆಯನ್ನು ಕಟ್ಟಿ: ಸಂಕೇತ ಖಂಡಿತ ಮಾಯವಾಗಬೇಕಾದ ಒಂದು ಸ್ಥಿತಿಯನ್ನು ಹುಟ್ಟಿಸಿ, ಮಾಯವಾಗುತ್ತದೆಯೇ ನೋಡಿ. ನೆರೆಹೊರೆಯ ಪ್ರಶ್ನೆಗಾದರೆ, ಒಂದೇ ಹೊಳಪಿನ ಗ್ಯಾಲಕ್ಸಿಗಳ ನಡುವೆ ಬಣ್ಣಗಳನ್ನು ಕಲಸಿ ಹಂಚಿ ಮತ್ತೆ ಲೆಕ್ಕ ಮಾಡಿ.

ಬಣ್ಣಗಳಿಂದ ರೆಡ್‌ಶಿಫ್ಟ್ ಊಹಿಸುವುದು ಇನ್ನೊಂದು ಜನಪ್ರಿಯ ಕೆಲಸ. ಊಹೆಯಿಂದ ನಿಜವಾದದ್ದನ್ನು ಕಳೆದು, ಒಂದು ಕೂಡಿಸಿದ ನಿಜ ಬೆಲೆಯಿಂದ ಭಾಗಿಸಿ. ಆ ವ್ಯತ್ಯಾಸಗಳು ತಮ್ಮ ಮಧ್ಯಾಂಕದಿಂದ ಎಷ್ಟು ದೂರವಿವೆ ಎಂಬುದರ ಮಧ್ಯಾಂಕವನ್ನು 1.4826ರಿಂದ ಗುಣಿಸಿದರೆ ಹರಡುವಿಕೆ ಸಿಗುತ್ತದೆ. 0.15 ದಾಟಿದವುಗಳ ಪಾಲನ್ನು ಬೇರೆಯಾಗಿ ಕೊಡಿ. ಆದರೆ 17.77ರವರೆಗಿನ ಪ್ರಕಾಶಮಾನ ಗ್ಯಾಲಕ್ಸಿಗಳಿಂದ ಕಲಿತ ಮಾದರಿಯನ್ನು 21ರ ಮಸುಕು ಗ್ಯಾಲಕ್ಸಿಗಳಿಗೆ ಹಚ್ಚಿದರೆ ಅದು ಉತ್ತರ ಕೊಡುತ್ತದೆ, ಉತ್ತರಕ್ಕೆ ಆಧಾರ ಇರುವುದಿಲ್ಲ. ಪ್ರತಿ ಹೊಸ ಗ್ಯಾಲಕ್ಸಿಗೂ ಬಣ್ಣಗಳ ಲೋಕದಲ್ಲಿ ಅತಿ ಹತ್ತಿರದ ಕಲಿಕೆಯ ಉದಾಹರಣೆ ಎಷ್ಟು ದೂರದಲ್ಲಿದೆ ಎಂದು ಅಳೆದು, ತೀರ ದೂರದವನ್ನು ಬಿಡಿ.

ಗುಂಪಿಗೆ ಸೇರದವುಗಳು

ಮೈನಿಂಗ್‌ನ ನಿಜವಾದ ಸಂತೋಷ ಇಲ್ಲಿದೆ. ಉಳಿದವುಗಳಿಗಿಂತ ಬೇರೆಯಾದ ಸಾಲುಗಳನ್ನು ಹುಡುಕುವ ಐಸೊಲೇಷನ್ ಫಾರೆಸ್ಟ್ ಓಡಿಸಿ, ಅತಿ ವಿಚಿತ್ರವೆಂದು ಅದು ಹೇಳಿದ 200 ಗ್ಯಾಲಕ್ಸಿಗಳ ಚಿತ್ರವನ್ನೂ ರೋಹಿತವನ್ನೂ ನೋಡಿ. ಮೊದಲ ಸುತ್ತಿನಲ್ಲಿ ಬಹುಪಾಲು ಕಸವೇ: ಉಪಗ್ರಹದ ಗೆರೆ, ಪ್ರಕಾಶಮಾನ ನಕ್ಷತ್ರದ ಪ್ರಭೆ, ಒಡೆದ ತೋಳುಗಳು, 5577 ಆಂಗ್‌ಸ್ಟ್ರಾಮ್‌ನಲ್ಲಿ ನಮ್ಮ ವಾತಾವರಣದ ಗೆರೆಯನ್ನು ಸರಿಯಾಗಿ ಕಳೆಯದ ರೋಹಿತ. ಐದು ಫಿಲ್ಟರ್‌ಗಳು ಒಂದಾದ ಮೇಲೊಂದು ಚಿತ್ರ ತೆಗೆಯುವುದರಿಂದ ಕ್ಷುದ್ರಗ್ರಹಗಳು ಬಣ್ಣಬಣ್ಣದ ಚುಕ್ಕಿಗಳ ಸಾಲಾಗಿ ಬರುತ್ತವೆ. ಪ್ರತಿ ಬಗೆಯ ಕಸಕ್ಕೂ ಒಂದು ಷರತ್ತು ಬರೆದು ತೆಗೆದು, ಮತ್ತೆ ಓಡಿಸಿ. ಮೂರು ನಾಲ್ಕು ಸುತ್ತಾದ ಮೇಲೆ ಉಳಿಯುವವು ನೋಡತಕ್ಕವು.

ಹಸಿರು ಬಟಾಣಿ ಗ್ಯಾಲಕ್ಸಿಗಳು ಹೀಗೆಯೇ ಸಿಕ್ಕವು, ಅಲ್ಗಾರಿದಮ್‌ನಿಂದಲ್ಲ, ಗ್ಯಾಲಕ್ಸಿ ಜೂದ ಸ್ವಯಂಸೇವಕರ ಕಣ್ಣಿನಿಂದ. ಚಿಕ್ಕ, ದುಂಡಗಿನ, ಹಸಿರು ಚುಕ್ಕಿಗಳು. 5007ರ ಆಮ್ಲಜನಕದ ಗೆರೆ ಅವುಗಳಲ್ಲಿ ಎಷ್ಟು ಪ್ರಬಲವೆಂದರೆ, ರೆಡ್‌ಶಿಫ್ಟ್‌ನಿಂದ ಸರಿದು ಆರ್ ಫಿಲ್ಟರ್‌ನೊಳಗೆ ಬಿದ್ದಾಗ ಅದೊಂದೇ ಗೆರೆ ಇಡೀ ಗ್ಯಾಲಕ್ಸಿಯ ಬಣ್ಣವನ್ನು ಬದಲಿಸುತ್ತದೆ. ಸ್ಲೋನ್ ಚಿತ್ರಗಳಲ್ಲಿ ಆರ್‌ಗೆ ಕೊಟ್ಟ ಬಣ್ಣ ಹಸಿರು. 2009ರ ಅಧ್ಯಯನ ಅವುಗಳನ್ನು ಬಣ್ಣದ ಷರತ್ತುಗಳಿಂದ ಡೇಟಾಬೇಸಿನಲ್ಲಿ ಹುಡುಕಿ, ರೆಡ್‌ಶಿಫ್ಟ್ 0.112ರಿಂದ 0.360ರ ನಡುವೆ 251 ಕಾಯಗಳನ್ನು ಆರಿಸಿತು. ಒಂದು ವಿಚಿತ್ರ ಕಣ್ಣಿಗೆ ಬಿದ್ದರೆ ಹೀಗೆ ಅದರ ಕಾರಣ ಕಂಡುಕೊಂಡು, ಕಾರಣವನ್ನು ಕ್ವೆರಿಯಾಗಿ ಬರೆದು, ಅದರ ಬಳಗವನ್ನೆಲ್ಲ ಹೊರತೆಗೆಯುವುದು ಕ್ರಮ. ರೋಹಿತಗಳ ಮೇಲೆ ನೇರವಾಗಿ ಇದನ್ನು ಮಾಡಿದ 2017ರ ಒಂದು ಕೆಲಸ, ಸುಮಾರು 20 ಲಕ್ಷ ಗ್ಯಾಲಕ್ಸಿಗಳಲ್ಲಿ ಅತಿ ವಿಚಿತ್ರವಾದ 400ನ್ನು ಆರಿಸಿ ಒಂದೊಂದನ್ನೂ ಪರಿಶೀಲಿಸಿತು.

ಹೊಸ ಸಮೀಕ್ಷೆಗಳಲ್ಲಿ ಬದಲಾಗುವುದು

2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕ, 2025ರ ಮಾರ್ಚ್‌ನ ಮೊದಲ ತ್ವರಿತ ಬಿಡುಗಡೆಯಲ್ಲಿ ಬರೀ 63 ಚದರ ಡಿಗ್ರಿಯಿಂದಲೇ 3.8 ಲಕ್ಷ ಗ್ಯಾಲಕ್ಸಿಗಳ ಆಕಾರದ ವಿವರ ಕೊಟ್ಟಿತು. ಅದಕ್ಕೂ ಬಳಸಿದ್ದು ಝೂಬಾಟ್ ಅನ್ನೇ. ಚಿಲಿಯ ರೂಬಿನ್ ವೀಕ್ಷಣಾಲಯದ 8.4 ಮೀಟರ್ ದೂರದರ್ಶಕ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿತು. ಅದರ ಕ್ಯಾಮೆರಾ 3,200 ಮೆಗಾಪಿಕ್ಸೆಲ್, ರಾತ್ರಿಗೆ ಸುಮಾರು 20 ಟೆರಾಬೈಟ್. ಇದನ್ನು ಇಳಿಸಿಕೊಳ್ಳುವ ಮಾತೇ ಇಲ್ಲ. ಡೇಟಾ ಇರುವಲ್ಲಿಗೆ ನಿಮ್ಮ ನೋಟ್‌ಬುಕ್ ಕಳಿಸಿ ಓಡಿಸಬೇಕು, ಫಲಿತಾಂಶವಷ್ಟೇ ಮನೆಗೆ ಬರುತ್ತದೆ. ಕ್ಯಾಸ್‌ಜಾಬ್ಸ್‌ನಲ್ಲಿ ಕೆಲಸವನ್ನು ಸರ್ವರ್ ಬದಿಯಲ್ಲೇ ಮುಗಿಸುವ ಅಭ್ಯಾಸ ಮಾಡಿಕೊಂಡವರಿಗೆ ಇದು ಹೊಸದಾಗಿ ಕಾಣದು.

ಅಷ್ಟು ಆಳದ ಚಿತ್ರಗಳಲ್ಲಿ ಒಂದರ ಮೇಲೊಂದು ಬಿದ್ದ ಗ್ಯಾಲಕ್ಸಿಗಳು ದೊಡ್ಡ ತಲೆನೋವು. ಎರಡು ಗ್ಯಾಲಕ್ಸಿಗಳ ಬೆಳಕು ಬೆರೆತು ಒಂದೇ ಸಾಲಾಗಿ ಬಂದರೆ, ಆ ಸಾಲಿನ ಬಣ್ಣ ಯಾವ ಗ್ಯಾಲಕ್ಸಿಯದ್ದೂ ಅಲ್ಲ, ಆಕಾರವೂ ಅಲ್ಲ. ವಿಚಿತ್ರಗಳ ಪಟ್ಟಿಯಲ್ಲಿ ಇವೇ ಮೇಲೆ ಬಂದು ಕೂರುತ್ತವೆ. ಹಾಗಾಗಿ ಬೇರ್ಪಡಿಸುವ ಸಾಫ್ಟ್‌ವೇರ್ ಕೊಡುವ ಬೆರಕೆಯ ಗುರುತುಗಳನ್ನು ಮೊದಲ ಕ್ವೆರಿಯಲ್ಲೇ ಎಳೆದುಕೊಳ್ಳಿ. ಯೂಕ್ಲಿಡ್‌ನ ತೀಕ್ಷ್ಣ ಚಿತ್ರ ಇರುವ ಆಕಾಶದ ಭಾಗದಲ್ಲಿ ಅದೇ ಸಾಲುಗಳನ್ನು ಅದರ ಜೊತೆ ಹೋಲಿಸಿ, ಒಂದೆಂದು ಬರೆದಿರುವುದು ಎಷ್ಟು ಕಡೆ ನಿಜವಾಗಿ ಎರಡು ಎಂದು ಎಣಿಸಿಕೊಂಡು ಮುಂದುವರಿಯಿರಿ.